ಕೆ ಅಕ್ಷರದ ಆಚೆಯ ಹೆಬ್ಬಾತು

ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಗಂಗಾಧರಪ್ಪ ಮೇಷ್ಟ್ರಿಗೆ ಜರ್ಮನ್ ಭಾಷೆ ಬರುತ್ತದೆ ಎಂದು ಎರಡು ತಾಲ್ಲೂಕಿನ ಜನ ನಂಬಿದ್ದರು. ಬಹುಮಟ್ಟಿಗೆ ಗಂಗಾಧರಪ್ಪನವರೂ ನಂಬಿದ್ದರು. ನಂಬದೆ ಉಳಿದವರು ಇಬ್ಬರೇ. ಒಬ್ಬರು ಸೊರಬದ ಜವಳಿ ಅಂಗಡಿಯ ವೀರಬಸಪ್ಪ. ಅವರಿಗೆ ಯಾವುದನ್ನೂ ನಂಬುವ ಅಭ್ಯಾಸವಿರಲಿಲ್ಲ. ಇನ್ನೊಬ್ಬರು ಮೇಷ್ಟ್ರ ಹೆಂಡತಿ ಜಗದಾಂಬ. ಆಕೆಗೆ ನಿಜ ಗೊತ್ತಿತ್ತು.

ನಿಜ ಇಷ್ಟೇ. ಓದುವ ಕಾಲದಲ್ಲಿ ಒಮ್ಮೆ ಮಂಗಳೂರಿಗೆ ಹೋಗಿದ್ದ ಗಂಗಾಧರಪ್ಪ, ಪಾದ್ರಿಗಳು ಹಳೆಯ ಪುಸ್ತಕ ಮಾರುತ್ತಿದ್ದ ಕಡೆ ತಲೆದಿಂಬಿನಷ್ಟು ದಪ್ಪದ ಜರ್ಮನ್-ಇಂಗ್ಲಿಷ್ ನಿಘಂಟೊಂದನ್ನು ಕೊಂಡುಕೊಂಡಿದ್ದರು. ಊರಿಗೆ ಬಂದು ಬಿಚ್ಚಿ ನೋಡಿದರೆ ಅದು ಎರಡು ಸಂಪುಟಗಳಲ್ಲಿ ಮೊದಲನೆಯದು. ಎ ಅಕ್ಷರದಿಂದ ಹೊರಟು ಕೆ ಅಕ್ಷರಕ್ಕೆ ನಿಂತುಬಿಟ್ಟಿತ್ತು. ಎರಡನೆಯದನ್ನು ಯಾರು ಕೊಂಡಿದ್ದರೋ. ಎಲ್ಲೋ ಒಂದು ಊರಿನಲ್ಲಿ ಇನ್ನೊಬ್ಬ ಮಹಾನುಭಾವ ಎಲ್‌ನಿಂದ ಕೊನೆಯವರೆಗಿನ ಜರ್ಮನ್ ಕಲಿತು ಕೂತಿರಬೇಕು. ಇವರಿಬ್ಬರೂ ಒಂದು ಸಲ ಸಿಕ್ಕಿದ್ದರೆ ಸೇರಿ ಒಬ್ಬ ಪೂರ್ತಿ ಜರ್ಮನ್ ಪಂಡಿತನಾಗುತ್ತಿದ್ದರು. ಅದು ನಡೆಯಲಿಲ್ಲ. ಗಂಗಾಧರಪ್ಪ ತಮ್ಮ ಪಾಲಿಗೆ ಬಂದ ಅರ್ಧ ಜರ್ಮನಿಯನ್ನು ಶ್ರದ್ಧೆಯಿಂದ ಓದಿದರು. ಆ ಭಾಷೆಯನ್ನು ಮನುಷ್ಯರ ಬಾಯಿಂದ ಮಾತ್ರ ಒಮ್ಮೆಯೂ ಕೇಳಲಿಲ್ಲ.

ಹೆಸರು ಬಂದದ್ದು ಎಂಜಿನ್ನಿನಿಂದ. ಜಗದಾಂಬ ಅವರ ಅಣ್ಣ ಪರಮಶಿವಪ್ಪ ಸೊರಬದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದರು. ಗಿರಣಿಗೆ ತಂದ ಎಂಜಿನ್ನು ಜರ್ಮನಿಯದು, ಮೈಮೇಲಿನ ಬರಹವೂ ಜರ್ಮನ್ನೇ. ಅಕ್ಕಪಕ್ಕದವರೆಲ್ಲ ಸೇರಿದ್ದ ಹೊತ್ತಿನಲ್ಲಿ ಗಂಗಾಧರಪ್ಪ ಬಗ್ಗಿ ನೋಡಿ, "ಇದು ಎಚ್ಚರಿಕೆ ಅಂತ. ಇಲ್ಲಿ ತಣ್ಣೀರು ಹಾಕಬೇಕು" ಅಂದರು. ದೈವಕೃಪೆಯಿಂದ ಎರಡೂ ಪದ ಕೆ ಒಳಗಿದ್ದವು. ಎಣ್ಣೆ ಹಾಕುವ ಜಾಗವನ್ನು ವಾಸನೆಯಿಂದಲೇ ಹೇಳಿದರು. ಒಂದು ಹಿಡಿಕೆಯ ಪಕ್ಕದಲ್ಲಿದ್ದ ಪದ ಎಲ್‌ನಿಂದ ಶುರುವಾಗುತ್ತಿತ್ತು. "ಅದು ಬಿಡಿ, ಕಂಪನಿಯವರಿಗೆ ಸಂಬಂಧಪಟ್ಟದ್ದು" ಅಂದರು. ಅವತ್ತಿನಿಂದ ಅವರು ಜರ್ಮನ್ ಮೇಷ್ಟ್ರು. ಹೈಸ್ಕೂಲಿನ ಉಳಿದ ಮೇಷ್ಟ್ರುಗಳಿಗೆ ಲೆಕ್ಕ, ಚರಿತ್ರೆ ಅಂತ ಒಂದೊಂದು ವಿಷಯವಿತ್ತು. ಇವರಿಗೆ ಒಂದು ದೇಶವೇ ಇತ್ತು.

ವೀರಬಸಪ್ಪನವರು ಮಾತ್ರ ಬರೀ "ಮೇಷ್ಟ್ರೇ" ಅನ್ನುತ್ತಿದ್ದರು. ಅನ್ನುವ ಮುಂಚೆ ಒಂದು ಗಳಿಗೆ ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ಬಿಟ್ಟುಹೋದ ಪದ ಯಾವುದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಾಗಲಿ ಎಂದು.

ಐವತ್ತೇಳರ ದೀಪಾವಳಿ ಕಳೆದ ಮೇಲೆ ಡಾಕ್ಟರ್ ನಾಗರಾಜಪ್ಪ ಮನೆಗೆ ಬಂದರು. ಶಿಕಾರಿಪುರದವರೇ, ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಕಂಕುಳಲ್ಲಿ ಜರ್ಮನ್ ಭಾಷೆಯ ಒಂದು ಉದ್ದ ಲೇಖನವಿತ್ತು.

"ಪ್ರಾಣಿಗಳು ಯಾಕೆ ಹಂಗೆ ಆಡ್ತವೆ ಅನ್ನೋದರ ಮೇಲೆ ಹೊಸ ಶಾಸ್ತ್ರ ಹುಟ್ಟಿದೆ ಮೇಷ್ಟ್ರೇ. ಹುಟ್ಟಿದ್ದು ಜರ್ಮನ್ ಭಾಷೇಲಿ, ಪದಗಳೆಲ್ಲ ಅವರವೇ. ನಮ್ಮ ಹುಡುಗರಿಗೆ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಮಾಡ್ತಿದೀನಿ. ಇದರಲ್ಲಿ ಗೆರೆ ಎಳೆದಿರೋ ಪದಗಳಿಗೆ ನೀವು ಇಂಗ್ಲಿಷ್ ಕೊಡಬೇಕು."

ಒಳಗಿನಿಂದ ಜಗದಾಂಬ ಕೆಮ್ಮಿದರು.

"ಅದಕ್ಕೇನಂತೆ" ಅಂದರು ಮೇಷ್ಟ್ರು.

ಡಾಕ್ಟರು ಹೋದ ಮೇಲೆ ಜಗದಾಂಬ ಸೆರಗಿನಲ್ಲಿ ಕೈ ಒರೆಸುತ್ತಾ ಹೊರಗೆ ಬಂದರು. "ಎಷ್ಟು ಪದ ಕೆ ಒಳಗದಾವೆ?"

"ಅರ್ಧ."

"ಇನ್ನರ್ಧ?"

"ಲೇಖನ ಓದ್ತಾ ಓದ್ತಾ ಹೊಳೀತದೆ."

"ಆ ಲೇಖನದಾಗೂ ಅರ್ಧ ಆಚೆ ಕಡೇವೇ ಅಲ್ಲೇನ್ರೀ?"

ಮೇಷ್ಟ್ರು ನಿಘಂಟನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರು ಪೂರ್ತಿ ಕೈಲಾಗದವರೇನೂ ಅಲ್ಲ. ಕೆ ಒಳಗಿನವು ಒಂದು ವಾರದಲ್ಲಿ ಮುಗಿದವು. ಯಾವ ಕೋಳಿ ಯಾವ ಕೋಳಿಯನ್ನು ಕುಕ್ಕಬಹುದು, ಯಾವುದು ಸುಮ್ಮನೆ ಕುಕ್ಕಿಸಿಕೊಳ್ಳಬೇಕು ಎಂಬ ವ್ಯವಸ್ಥೆಗೆ ಜರ್ಮನರು ಒಂದೇ ಪದ ಇಟ್ಟಿದ್ದರು. ಎಚ್ ಅಕ್ಷರ. ಮೇಷ್ಟ್ರು ಅದಕ್ಕೆ 'ಪೆಕಿಂಗ್ ಆರ್ಡರ್' ಎಂದು ಬರೆದು, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರ ಕುರ್ಚಿ ಎಲ್ಲಿದೆ ಎಂದು ನೆನೆಸಿಕೊಂಡು ಸರಿಯಾಗಿದೆ ಅಂದುಕೊಂಡರು.

ಆಚೆ ಕಡೆಯವಕ್ಕೆ ಅವರು ಬೇರೆ ದಾರಿ ಹಿಡಿದರು. ಲೇಖನ ಹೆಚ್ಚಾಗಿ ಹೆಬ್ಬಾತುಗಳ ಮೇಲಿತ್ತು. ಹೆಬ್ಬಾತುಗಳು ಸೊರಬದಲ್ಲಿದ್ದವು. ಶಿವಮೊಗ್ಗದಲ್ಲಿದ್ದ ಒಬ್ಬ ಪಾದ್ರಿ ಊರು ಬಿಡುವಾಗ ಕೊಟ್ಟುಹೋದದ್ದನ್ನು ಪರಮಶಿವಪ್ಪ ಗಿರಣಿಯ ಕಾವಲಿಗೆ ಸಾಕಿದ್ದರು. ನಾಯಿಯಾದರೆ ಗುರುತಿನವರನ್ನು ಬಿಡುತ್ತದೆ. ಇವು ಸ್ವಂತ ಮಾಲೀಕರನ್ನೂ ಕಣಕ್ಕೆ ಬಿಡುತ್ತಿರಲಿಲ್ಲ. ಪದದ ಅರ್ಥ ಗೊತ್ತಿಲ್ಲದಿದ್ದರೆ ಏನು, ಆ ಪದ ಯಾವುದಕ್ಕೆ ಇಟ್ಟದ್ದೋ ಅದನ್ನೇ ನೋಡಿದರಾಯಿತು ಎಂದು ಮೇಷ್ಟ್ರು ಭಾನುವಾರ ಭಾನುವಾರ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ಭಾವನ ಗಿರಣಿಯ ಅಂಗಳದಲ್ಲಿ ಕೊಡೆ ಬಿಚ್ಚಿ ಕೂರತೊಡಗಿದರು. ಕೊಡೆ ಬಿಸಿಲಿಗಲ್ಲ, ಗಂಡು ಹೆಬ್ಬಾತಿಗೆ.

ದಾರಿ ಫಲ ಕೊಟ್ಟಿತು. ಮರಿಗಳು ತಾಯಿಯನ್ನು ಬಿಟ್ಟು ಎಂಜಿನ್ನು ನೋಡಿಕೊಳ್ಳುವ ಹುಲಿಯಪ್ಪನ ಹಿಂದೆ ಸಾಲಾಗಿ ಹೋಗುತ್ತಿದ್ದವು. ಮೊಟ್ಟೆಯೊಡೆದು ಬಂದಾಗ ಎಂಜಿನ್ ರೂಮಿನಲ್ಲಿ ಅವು ಮೊದಲು ಕಂಡದ್ದು ಅವನ ಕಾಲುಗಳನ್ನು. ಪಿ ಅಕ್ಷರದ ಒಂದು ಪದ ಅಲ್ಲಿಗೆ ತನ್ನ ಅರ್ಥ ಬಿಟ್ಟುಕೊಟ್ಟಿತು. ಮನೆಗೆ ಬಂದು ಹೆಂಡತಿಗೆ ವಿವರಿಸಿದರು.

"ಮೊದ್ಲು ಕಂಡೋರೇ ನಮ್ಮೋರು ಅಂತ ಜೀವಮಾನ ಪೂರ್ತಿ ಹಿಂದೆ ಹೋಗೋದಾ" ಅಂದರು ಜಗದಾಂಬ. "ಅದಕ್ಕೆ ಸೊರಬಕ್ಕೆ ಯಾಕೆ ಹೋಗ್ಬೇಕಿತ್ತು? ನನ್ನನ್ನ ಕೇಳಿದ್ರೆ ಹೇಳ್ತಿದ್ದೆ. ನೀವು ನನ್ನ ನೋಡಕ್ಕೆ ಬಂದಿದ್ದೇ ಮೊದಲನೇ ಗಂಡು."

ಟಿ ಅಕ್ಷರದ ಉದ್ದನೆಯ ಪದವೊಂದಿತ್ತು. ಗಂಡು ಹೆಬ್ಬಾತು ಯಾರನ್ನೋ ಅಟ್ಟಿಸಿಕೊಂಡು ಹೋಗಿ, ಹೆಣ್ಣಿನ ಹತ್ತಿರ ವಾಪಸು ಓಡಿ ಬಂದು, ಎರಡೂ ಕತ್ತು ಚಾಚಿ ಕೂಗಿಕೊಳ್ಳುವುದು. ಮೇಷ್ಟ್ರಿಗೆ ಇದು ತಕ್ಷಣ ತಿಳಿಯಿತು. ಅಮಲ್ದಾರರ ಕಚೇರಿಯ ಜವಾನನ ಮೇಲೆ ಕೂಗಾಡಿ ಬಂದ ದಿನ ಪರಮಶಿವಪ್ಪ ಪಡಸಾಲೆಗೆ ಬರುವ ಮೊದಲೇ ಹೆಂಡತಿಯನ್ನು ಕರೆಯುವುದೂ, ಆಕೆ ಒಳಗಿನಿಂದಲೇ ದನಿ ಕೂಡಿಸುವುದೂ ಹೀಗೇ ಇತ್ತು. 'ವಿಕ್ಟರಿ ಡ್ಯುಯೆಟ್' ಎಂದು ಬರೆದರು.

ಎಲ್ ಅಕ್ಷರದ ಪದವನ್ನು ನೋಡಿ ಮಾತ್ರ ಅವರು ಬೆವತರು. ಎಂಜಿನ್ನಿನ ಹಿಡಿಕೆಯ ಪಕ್ಕದಲ್ಲಿದ್ದ ಅದೇ ಪದ. "ಹುಲಿಯಪ್ಪಾ, ಆ ಹಿಡಿಕೆ ಎಳೆದರೆ ಏನಾಗ್ತದೆ?" ಎಂದು ಕೇಳಿದರು.

"ಎಂಜಿನ್ನು ಓಡ್ತದೆ, ಗಿರಣಿ ತಿರುಗಲ್ಲ. ಸುಮ್ನೆ ಓಡೋದು. ಯಾಕ್ ಮೇಷ್ಟ್ರೇ, ಅದು ಕಂಪನಿಯೋರಿಗೆ ಅಂದಿದ್ರಲ್ಲ."

ಲೇಖನದಲ್ಲಿ ಒಂದು ಹಕ್ಕಿ ನೊಣವೇ ಇಲ್ಲದ ಕೋಣೆಯಲ್ಲಿ ನೊಣ ಹಿಡಿದು, ಕೊಂದು, ನುಂಗಿ ತೋರಿಸಿತ್ತು. ಒಳಗೆ ಹಾಕಲು ಏನೂ ಇಲ್ಲದಿದ್ದರೂ ಯಂತ್ರ ಓಡುವುದು. ಹುಡುಗರು ಒಬ್ಬರೂ ಬಾರದ ಒಂದು ದಿನ ಖಾಲಿ ಬೆಂಚುಗಳಿಗೆ ಬೆಳಕಿನ ವಕ್ರೀಭವನ ಪಾಠ ಮಾಡಿ ಮುಗಿಸಿದ್ದು ಮೇಷ್ಟ್ರಿಗೆ ನೆನಪಾಯಿತು. ಅದಕ್ಕೂ ಇಂಗ್ಲಿಷ್ ಸಿಕ್ಕಿತು.

ಕೊನೆಗೆ ಒಂದು ಪದ ಉಳಿಯಿತು. ಯೂಬರ್‌ಶ್ಪ್ರುಂಗ್. ಯು ಅಕ್ಷರ, ಜರ್ಮನಿಯ ಆಚೆ ಗಡಿಯ ಹತ್ತಿರ. ಅದರ ಕೆಳಗೆ ಬರೆದದ್ದರಲ್ಲಿ ಅರ್ಥವಾದದ್ದು ಇಷ್ಟು: ಎರಡು ಹುಂಜಗಳು ಕಾದಾಡುತ್ತವೆ, ಕಾದಾಟದ ನಡುವೆ ಎರಡೂ ಇದ್ದಕ್ಕಿದ್ದಂತೆ ನಿಲ್ಲಿಸಿ, ನೆಲ ಕುಕ್ಕಿ ಕಾಳು ತಿನ್ನುವಂತೆ ಮಾಡುತ್ತವೆ, ಆಮೇಲೆ ಮತ್ತೆ ಕಾದಾಡುತ್ತವೆ.

ಬೇರೆ ಊರಿನವರಾಗಿದ್ದರೆ ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮ ಮೇಷ್ಟ್ರಿಗೆ ಏನೂ ವಿಚಿತ್ರವೆನ್ನಿಸಲಿಲ್ಲ. ನಮ್ಮ ಕಡೆ ಮದುವೆ ಮನೆಗಳಲ್ಲಿ ಮೊದಲ ವೀಳ್ಯ ಯಾರಿಗೆ ಕೊಡಬೇಕು ಎಂದು ಜಗಳ ಬರುವುದು ಮುಹೂರ್ತ ಬಂದಷ್ಟೇ ನಿಶ್ಚಯ. ಹಿರಿಯರು ರುಮಾಲು ಕಿತ್ತೆಸೆದು, ಮೂರು ತಲೆಮಾರಿನ ಹಿಂದಿನವರನ್ನೆಲ್ಲ ಎಳೆದು ತರುತ್ತಾರೆ. ಅಷ್ಟರಲ್ಲಿ ಅಡಿಗೆಯವರು "ಎಲೆ ಹಾಕಿದೆ" ಅಂದರೆ ಎರಡೂ ಕಡೆಯವರು ಎದ್ದು, ಒಂದೇ ಸಾಲಿನಲ್ಲಿ ಕೂತು, ಒಬ್ಬರಿಗೊಬ್ಬರು ಹೋಳಿಗೆ ಹಾಕಿಸಿ, ತುಪ್ಪ ಸಾಕೇ ಎಂದು ವಿಚಾರಿಸಿ, ಕೈ ತೊಳೆದ ಮೇಲೆ ಜಗಳವನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುತ್ತಾರೆ. ಜರ್ಮನಿಯ ಹುಂಜಗಳಿಗೂ ಅಷ್ಟು ಮರ್ಯಾದೆ ಇರುವುದು ಕಂಡು ಮೇಷ್ಟ್ರಿಗೆ ಸಂತೋಷವೇ ಆಯಿತು. 'ಅಡ್ಜರ್ನ್‌ಮೆಂಟ್ ಫಾರ್ ಮೀಲ್ಸ್' ಎಂದು ಬರೆದು, ಅಂಚೆಗೆ ಹಾಕಿದರು.

ಸಂಕ್ರಾಂತಿ ಕಳೆದ ಮೇಲೆ ನಾಗರಾಜಪ್ಪನವರ ಕಾಗದ ಬಂತು. ಕೆಲಸ ಬಹಳ ಚೆನ್ನಾಗಿದೆ. ಕೊನೆಯ ಪದದ ಮೇಲೆ ಸ್ವಲ್ಪ ಸಂಶಯ. ಅದನ್ನು ಖುದ್ದಾಗಿ ಕೇಳಿಬಿಡಬಹುದು, ಏಕೆಂದರೆ ಈ ಶಾಸ್ತ್ರದಲ್ಲೇ ಕೆಲಸ ಮಾಡುವ ಡಾಕ್ಟರ್ ಕ್ರೇಮರ್ ಎಂಬ ಜರ್ಮನ್ನರು ಜೋಗಕ್ಕೆ ಹೋಗುವವರಿದ್ದಾರೆ. ದಾರಿಯಲ್ಲಿ ಸೊರಬದ ಹೆಬ್ಬಾತು ನೋಡಿಕೊಂಡು ಹೋಗುತ್ತಾರೆ. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ಕಡೆ ಜರ್ಮನ್ ಬಲ್ಲವರು ಒಬ್ಬರಿದ್ದಾರೆ ಎಂದು ಕೇಳಿ ಕುಣಿದಾಡುತ್ತಿದ್ದಾರೆ.

ಮೇಷ್ಟ್ರು ಕಾಗದ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಸುದ್ದಿ ಸೊರಬಕ್ಕೆ ಹೋಗಬಾರದಿತ್ತು. ಆದರೆ ಹೆಬ್ಬಾತುಗಳು ಪರಮಶಿವಪ್ಪನವು, ಪರಮಶಿವಪ್ಪನವರಿಗೆ ಬಾಯಿಯೂ ಇತ್ತು. ಪೇಟೆಯಲ್ಲಿ ಅವರು ವೀರಬಸಪ್ಪನವರ ಅಂಗಡಿಯ ಮುಂದೆಯೇ ನಿಂತು, "ಜರ್ಮನಿಯೋರು ಬರ್ತಾ ಇದಾರೆ, ನಮ್ಮ ಜರ್ಮನ್ ಮೇಷ್ಟ್ರ ಹತ್ರ ಮಾತಾಡಕ್ಕೆ" ಅಂದರು.

ವೀರಬಸಪ್ಪ ಬಟ್ಟೆ ಅಳೆಯುತ್ತಿದ್ದವರು ಗಜಕಡ್ಡಿ ಕೆಳಗಿಟ್ಟರು. "ಒಳ್ಳೇದಾತು. ಇಷ್ಟು ವರ್ಷ ನಾನು ಕಾದಿದ್ದು ಇದಕ್ಕೇ. ಅವರು ಕೇಳಿದ್ದಕ್ಕೆ ಇವರು ನಾಲ್ಕು ಜನರೆದುರಿಗೆ ಉತ್ತರ ಕೊಟ್ರೆ ನಾನೂ ಜರ್ಮನ್ ಮೇಷ್ಟ್ರು ಅಂತೀನಿ. ಕೊಡದಿದ್ರೆ ಇನ್ಮೇಲೆ ಯಾರೂ ಅನ್ನಬಾರದು. ನೀವೂ ಅನ್ನಬಾರದು."

"ಅನ್ನಲ್ಲ" ಅಂದುಬಿಟ್ಟರು ಪರಮಶಿವಪ್ಪ.

ಇದು ಶಿಕಾರಿಪುರಕ್ಕೆ ಬಂದು ಮುಟ್ಟಿದ ಸಂಜೆ ಮೇಷ್ಟ್ರಿಗೆ ಊಟ ಸೇರಲಿಲ್ಲ. ಬರೀ ಮೇಷ್ಟ್ರಾಗಿ ಬದುಕುವುದೇನು ಅಸಾಧ್ಯವಲ್ಲ. ಊರು ತುಂಬ ಬದುಕುತ್ತಿದ್ದಾರೆ. ಆದರೆ ಒಂದು ದೇಶವನ್ನು ಆಳಿದವರಿಗೆ ಅದು ಕಷ್ಟ.

"ಕೆ ಒಳಗೇ ಮಾತಾಡ್ರಿ" ಅಂದರು ಜಗದಾಂಬ.

"ಅದನ್ನೇ ನೋಡಿದೆ. ಹೌದು ಅನ್ನೋದು ಜೆ ಅಕ್ಷರದಾಗೆ ಐತಿ. ಇಲ್ಲ ಅನ್ನೋದು ಎನ್."

"ಸರಿ ಬಿಡಿ. ಎಲ್ಲಾದಕ್ಕೂ ಹೌದು ಅನ್ನಿ. ನನ್ನ ಹತ್ರ ಇಷ್ಟು ವರ್ಷ ಹಂಗೇ ನಡೆಸಿಲ್ವಾ?"

ಆ ದಿನ ಗಿರಣಿಯ ಅಂಗಳದಲ್ಲಿ ಭತ್ತ ಒಣಹಾಕಿದ್ದರು. ಸುತ್ತ ಮಡಿಚುವ ಕಬ್ಬಿಣದ ಕುರ್ಚಿಗಳು. ಮುಂದಿನ ಸಾಲಿನ ನಡುವೆ ವೀರಬಸಪ್ಪ, ಮಡಿ ಬಿಚ್ಚಿದ ಹೊಸ ಪಂಚೆಯಲ್ಲಿ. ಹಿಂದೆ ಪೇಟೆಯವರು, ಬಸ್ಸು ತಪ್ಪಿಸಿಕೊಂಡವರು, ಬಸ್ಸು ಇದ್ದರೂ ಹತ್ತದವರು. ಹೆಬ್ಬಾತುಗಳನ್ನು ಬಲೆಯ ಆಚೆ ಕೂಡಿಹಾಕಿದ್ದರು. ಅವೂ ಕತ್ತು ಚಾಚಿ ಕಾಯುತ್ತಿದ್ದವು. ಅಡಿಗೆಮನೆಯ ಬಾಗಿಲಲ್ಲಿ ಜಗದಾಂಬ ನಿಂತಿದ್ದರು.

ಕಾರು ಬಂತು. ನಾಗರಾಜಪ್ಪನವರ ಹಿಂದೆ ಇಳಿದದ್ದು ಕನ್ನಡಕ ಹಾಕಿದ, ಎತ್ತರದ, ಬಿಸಿಲಿಗೆ ಸಿಕ್ಕಿ ಸೀಗಡಿಯ ಬಣ್ಣಕ್ಕೆ ತಿರುಗಿದ್ದ ಮನುಷ್ಯ. ಮೇಷ್ಟ್ರು ಎರಡು ಹೆಜ್ಜೆ ಮುಂದೆ ಹೋಗಿ ಕೈಮುಗಿದು, ಜಿ ಅಕ್ಷರದಲ್ಲಿ ಕಲಿತಿದ್ದ ನಮಸ್ಕಾರದಂತೆ "ಗುಟೆನ್ ಟಾಗ್" ಅಂದರು.

ಅಷ್ಟು ಅಂದದ್ದೇ ತಪ್ಪಾಯಿತು. ಕ್ರೇಮರ್ ಅವರ ಮುಖ ಅರಳಿತು. ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದರೋ, ತೂಬು ಎತ್ತಿದ ಹಾಗೆ ಜರ್ಮನ್ ಭಾಷೆ ಹರಿಯಿತು. ಮೇಷ್ಟ್ರು ಕಿವಿಗೊಟ್ಟು ಕೇಳಿದರು. ಹೆಬ್ಬಾತು ಅನ್ನುವ ಪದ ತೇಲಿ ಹೋದಂತಾಯಿತು. ಗೆಳೆಯ ಅನ್ನುವುದೂ ಬಂದಿತೇನೋ. ಉಳಿದದ್ದೆಲ್ಲ ನೀರು. ಕೆ ಒಳಗಿನ ಪದಗಳು ಕೂಡ ಪುಸ್ತಕದಲ್ಲಿದ್ದ ಮುಖವನ್ನು ಬದಲಾಯಿಸಿಕೊಂಡು ಗುರುತು ಸಿಗದಂತೆ ಓಡುತ್ತಿದ್ದವು. ಕೊನೆಗೆ ದನಿ ಮೇಲಕ್ಕೆದ್ದು ನಿಂತಿತು. ಅದು ಪ್ರಶ್ನೆ ಎಂಬುದು ಹೆಬ್ಬಾತುಗಳಿಗೂ ಗೊತ್ತಾಯಿತು.

ಅಂಗಳದವರೆಲ್ಲ ಮೇಷ್ಟ್ರ ಬಾಯಿ ನೋಡಿದರು.

ಮೇಷ್ಟ್ರ ಎದುರಿಗೆ ಎರಡು ದಾರಿಗಳಿದ್ದವು. ಧೈರ್ಯವಾಗಿ ಹೌದು ಅನ್ನುವುದು ಒಂದು. ಕೇಳಿದ್ದು ನಿಮ್ಮ ಊರಿನವರು ಕಳ್ಳರೇ ಎಂದಿದ್ದರೆ ಏನು ಗತಿ. ಹೊಟ್ಟಿನ ರಾಶಿಯ ಹಿಂದೆ ಗಿರಣಿಗೆ ಇನ್ನೊಂದು ಬಾಗಿಲಿತ್ತು, ಅದು ಎರಡನೆಯದು. ಬಾಯಿ ಅರ್ಧ ತೆರೆಯಿತು. ಬಲಗಾಲು ಅರ್ಧ ತಿರುಗಿತು. ಎರಡೂ ಅಲ್ಲೇ ನಿಂತವು. ಆಮೇಲೆ, ಯಾಕೆ ಎಂದು ಅವರಿಗೇ ತಿಳಿಯದೆ, ಮೇಷ್ಟ್ರು ಬಗ್ಗಿ, ಅಂಚಿಗೆ ಚೆಲ್ಲಿದ್ದ ಭತ್ತದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದರು.

"ಏನ್ ಮೇಷ್ಟ್ರೇ" ಅಂದರು ವೀರಬಸಪ್ಪ, "ಉತ್ತರ ಭತ್ತದಾಗೆ ಬಿದ್ದೋಗೈತೇನು?"

ಹಿಂದಿನ ಸಾಲುಗಳು ನಕ್ಕವು. ಪರಮಶಿವಪ್ಪ ಆಕಾಶ ನೋಡಿದರು. ತಾವೇನೋ ಆಡಬಾರದ್ದು ಆಡಿಬಿಟ್ಟೆವು ಎಂದುಕೊಂಡ ಕ್ರೇಮರ್ ಇನ್ನೂ ಕೆಂಪಾದರು. ಕನ್ನಡಕ ತೆಗೆದು ಕರವಸ್ತ್ರದಿಂದ ಉಜ್ಜಿದರು, ಬೆಳಕಿಗೆ ಹಿಡಿದರು, ಮತ್ತೆ ಉಜ್ಜಿದರು. ಮೇಷ್ಟ್ರು ಕಾಳು ಆರಿಸುತ್ತಲೇ ಇದ್ದರು. ಕನ್ನಡಕ ಮೂಗಿಗೆ ವಾಪಸು ಬಂದ ಮೇಲೆ ಕ್ರೇಮರ್ ಆ ಬಗ್ಗಿದ ಬೆನ್ನನ್ನೂ, ಎದ್ದು ಇಳಿಯುವ ಬೆರಳುಗಳನ್ನೂ ನೋಡಿದರು. ತಮ್ಮ ಬೆರಳನ್ನು ಕೊಕ್ಕಿನ ಹಾಗೆ ಮಾಡಿ ನೆಲವನ್ನು ಕುಕ್ಕಿ ತೋರಿಸಿ, ಮೆಲ್ಲನೆ, "ಯೂಬರ್‌ಶ್ಪ್ರುಂಗ್" ಅಂದರು.

ಮೇಷ್ಟ್ರ ಕೈ ನಿಂತಿತು. ಅಂಗೈ ನೋಡಿಕೊಂಡರು. ಭತ್ತ. ತಿನ್ನಲು ಬರುವುದಿಲ್ಲ, ಹಸಿವೂ ಇಲ್ಲ, ಭತ್ತ ತಮ್ಮದೂ ಅಲ್ಲ. ಮೇಲೆ ಬೀಳಲೂ ಆಗದೆ ಓಡಲೂ ಆಗದೆ ಸಿಕ್ಕಿಕೊಂಡ ಜೀವ, ಹೊರಗೆ ಬರಲು ಸಿಕ್ಕ ಸಂದಿಯಿಂದ ಬಂದು ಇಲ್ಲಿ ಕಾಳು ಆರಿಸುತ್ತಿತ್ತು. ಪಾಪ ಆ ಹುಂಜಗಳು. ಅವಕ್ಕೆ ಊಟದ ಹೊತ್ತೂ ಆಗಿರಲಿಲ್ಲ, ಮರ್ಯಾದೆಯ ಮಾತೂ ಅಲ್ಲ.

ಅವರು ನೆಟ್ಟಗಾದರು. ಎದುರಿನವರ ಕೈಯಲ್ಲಿ ಕರವಸ್ತ್ರ ಇನ್ನೂ ಇತ್ತು. ಕನ್ನಡಕ ಮೊದಲೇ ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರು ತೋರುಬೆರಳನ್ನು ಪಾಠ ಹೇಳುವ ಗತ್ತಿನಲ್ಲಿ ಎತ್ತಿ, ಆ ಕರವಸ್ತ್ರದ ಕಡೆ ತಿರುಗಿಸಿ, "ಯೂಬರ್‌ಶ್ಪ್ರುಂಗ್" ಅಂದರು.

ಕ್ರೇಮರ್ ಕರವಸ್ತ್ರ ನೋಡಿಕೊಂಡರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಇಡೀ ಅಂಗಳಕ್ಕೆ ಕೇಳುವಂತೆ ನಕ್ಕು, ಮೇಷ್ಟ್ರ ಎರಡೂ ಕೈ ಹಿಡಿದು ಕುಲುಕಿದರು. ಭತ್ತ ಚೆಲ್ಲಿತು. "ಯಾ, ಯಾ" ಅಂದರು. ಹೌದು ಅನ್ನುವುದನ್ನು ಅನ್ನುವುದು ಹೀಗೆ ಎಂದು ಮೇಷ್ಟ್ರಿಗೂ ತಿಳಿಯಿತು. "ಯಾ, ಯಾ" ಎಂದು ಅವರೂ ಅಂದರು. ಬಲೆಯ ಆಚೆ ಹೆಬ್ಬಾತುಗಳು ಕೂಗಿಕೊಂಡವು.

"ನಗಿಸಿಬಿಟ್ರು ನೋಡಿ" ಎಂದು ಪರಮಶಿವಪ್ಪ ಆಕಾಶದಿಂದ ಇಳಿದರು. "ಜರ್ಮನಿಯೋರನ್ನ ಜರ್ಮನ್ನಲ್ಲೇ ನಗಿಸಿದ್ರು. ಒಂದೇ ಮಾತಲ್ಲಿ."

"ಏನಂತೆ ಆ ಮಾತು?" ಅಂದರು ವೀರಬಸಪ್ಪ.

"ಹೇಳಿದ್ರೆ ತಿಳಿಯಲ್ಲ ನಿಮಗೆ. ಅದು ಅವರ ಭಾಷೇಲೇ ನಗು ಬರೋದು."

ನಾಗರಾಜಪ್ಪ ಮೇಷ್ಟ್ರ ಕಿವಿಯ ಹತ್ತಿರ ಬಂದರು. "ಹಂಗಾದ್ರೆ ಊಟದ ಅಡ್ಜರ್ನ್‌ಮೆಂಟ್ ಅಲ್ಲ?"

"ಅಲ್ಲ. ಅದನ್ನ ಹೊಡೆದುಹಾಕಿ. ಕಾದಾಡಕ್ಕೂ ಆಗದೆ ಓಡಕ್ಕೂ ಆಗದೆ ಇದ್ದಾಗ ಜೀವ ತನ್ನ ಜಾಗ ಬಿಟ್ಟು ಇನ್ನೆಲ್ಲೋ ಹೋಗಿ ಮಾಡೋ ಕೆಲಸ ಅದು. 'ಡಿಸ್‌ಪ್ಲೇಸ್ಡ್ ಆಕ್ಷನ್' ಅಂತ ಏನಾದ್ರೂ ಹಾಕಿ."

"ಇದನ್ನ ಅವರು ಹೇಳಿದ್ರಾ?"

"ಇಬ್ಬರೂ ಸೇರಿ ತೀರ್ಮಾನ ಮಾಡಿದ್ವಿ" ಅಂದರು ಮೇಷ್ಟ್ರು. ಬಾಗಿಲಲ್ಲಿ ಜಗದಾಂಬ ಸೆರಗು ಬಾಯಿಗೆ ಅಡ್ಡ ಹಿಡಿದರು.

ಈಗ ಅಂಗಳದ ಕಣ್ಣೆಲ್ಲ ಮುಂದಿನ ಸಾಲಿನ ನಡುವಿನ ಕುರ್ಚಿಯ ಮೇಲಿತ್ತು. ಪೇಟೆಯಲ್ಲಿ ಆಡಿದ ಮಾತು ಎಲ್ಲರಿಗೂ ನೆನಪಿತ್ತು. ವೀರಬಸಪ್ಪ ಎದ್ದರು. ಸೋತೆ ಅನ್ನುವ ಜಾಯಮಾನದವರಲ್ಲ. ಹಾಗೆಂದು ಎದ್ದು ಹೋದರೆ ಪೇಟೆಯಲ್ಲಿ ತಲೆಯೆತ್ತುವಂತಿಲ್ಲ. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ತಾವು ಕೂತಿದ್ದ ಕುರ್ಚಿಯನ್ನು ಪಟ್ಟನೆ ಮಡಿಚಿದರು. ಪಕ್ಕದ್ದನ್ನು ಮಡಿಚಿದರು. ಕುರ್ಚಿಗಳು ಪರಮಶಿವಪ್ಪನವು, ಜನರಿಗೆ ಇನ್ನೂ ಕಾಫಿಯೂ ಆಗಿರಲಿಲ್ಲ. ಅದರಾಚೆಯದರಲ್ಲಿ ಕೂತಿದ್ದವರನ್ನು ಎಬ್ಬಿಸಿ ಅದನ್ನೂ ಮಡಿಚಿ ಗೋಡೆಗೆ ಒರಗಿಸಿದರು.

ಕ್ರೇಮರ್ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕ್ರೇಮರ್ ಅವರ ಮುಖ ನೋಡಿದರು. ಇಬ್ಬರೂ ಆ ಪದವನ್ನು ಬಾಯಿಂದ ಹೊರಗೆ ಬಿಡಲಿಲ್ಲ.

ಐದಾರು ಕುರ್ಚಿ ಗೋಡೆ ಸೇರಿದ ಮೇಲೆ ವೀರಬಸಪ್ಪ ಒಂದು ಗಳಿಗೆ ಬಾಯಿ ಮುಚ್ಚಿ ನಿಂತರು.

"ಜರ್ಮನ್ ಮೇಷ್ಟ್ರೇ" ಅಂದರು, ಗೋಡೆಯ ಕಡೆಗೆ ಮುಖ ಮಾಡಿಕೊಂಡು. "ಸುಮ್ನೆ ನಿಂತು ನೋಡ್ತೀರಲ್ಲ. ಆ ಕಡೇದು ಸ್ವಲ್ಪ ಹಿಡೀರಿ."

ಮೇಷ್ಟ್ರು ಹೋಗಿ ಹಿಡಿದರು.